13ನೇ ಪ್ರಶ್ನೆ: ನಮ್ಮೂರಿನ ಕಬ್ಬಿನ ಬಾಕಿ ಲೋಕಸಭೆಗೆ ಹೋದ ಬುಧವಾರ

ನಮ್ಮ ಸೋದರಮಾವ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಾರೆ. ಆ ವರ್ಷ ಅಕ್ಟೋಬರ್ ಮೊದಲ ವಾರ ಕಬ್ಬು ಕಡಿಸಿ ಕಾರ್ಖಾನೆಗೆ ಹಾಕಿದ್ದರು. ಕಟಾವು, ಸಾಗಣೆ ಎಲ್ಲ ಕಳೆದು ಕೈಗೆ ಬರಬೇಕಾಗಿದ್ದು 1,20,000 ರೂಪಾಯಿ. ದೀಪಾವಳಿ ಮುಗಿಯಿತು, ಕಾರ್ತಿಕ ಸೋಮವಾರಗಳೂ ಕಳೆದವು, ದುಡ್ಡು ಬರಲಿಲ್ಲ. ಅವರೊಬ್ಬರದ್ದೇ ಅಲ್ಲ, ಅವರೂರೂ ಪಕ್ಕದ ಎರಡು ಊರೂ ಸೇರಿ 30ಕ್ಕೂ ಜಾಸ್ತಿ ಮನೆಗಳದ್ದು ಇದೇ ಕಥೆ. ಕಾರ್ಖಾನೆಯ ಕಚೇರಿಗೆ ಹೋದರೆ 'ಮುಂದಿನ ವಾರ' ಅನ್ನುತ್ತಿದ್ದರು. ಆ ಮುಂದಿನ ವಾರ ಬರಲೇ ಇಲ್ಲ.

ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಒಂದು ಭಾನುವಾರ ಮಾವ ಫೋನ್ ಮಾಡಿ, 'ನೀನು ಪಾರ್ಲಿಮೆಂಟು ಪಾರ್ಲಿಮೆಂಟು ಅಂತ ಪಾಠ ಮಾಡ್ತೀಯಲ್ಲ ಮಗ, ನಮ್ ದುಡ್ಡಿನ ವಿಷ್ಯ ಅಲ್ಲಿ ಕೇಳ್ಸಕ್ಕೆ ಆಗಲ್ವಾ?' ಅಂದರು. ಆಗುತ್ತೆ ಮಾವ, ಅಂದೆ. ಅಲ್ಲಿಂದ ಶುರುವಾಗಿದ್ದು ಇದು. ಒಂದು ಹಳ್ಳಿಯ ಬಾಕಿ ಲೋಕಸಭೆಯ ಒಂದು ದಿನದ ಪಟ್ಟಿಯಲ್ಲಿ ಹೇಗೆ ಜಾಗ ಪಡೆಯಿತು, ಆ ದಿನ ಏನಾಯಿತು, ಕೊನೆಗೆ ಕೈಗೆ ಏನು ಸಿಕ್ಕಿತು ಅನ್ನೋದನ್ನ ಪೂರ್ತಿ ಬರೆದಿಡುತ್ತಿದ್ದೇನೆ. ಇನ್ನೊಂದು ಊರಿನವರಿಗೆ ಬೇಕಾಗಬಹುದು.

ಯಾರು ಕೇಳಬೇಕು?

ಮೊದಲ ತೊಡಕು ಇಲ್ಲೇ ಬಂತು. ಮಾವನ ಊರು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. 2024ರ ಚುನಾವಣೆಯಲ್ಲಿ ಅಲ್ಲಿಂದ ಗೆದ್ದ ಎಚ್.ಡಿ. ಕುಮಾರಸ್ವಾಮಿ ಅವರು ಕೇಂದ್ರದಲ್ಲಿ ಭಾರಿ ಕೈಗಾರಿಕೆ ಮತ್ತು ಉಕ್ಕು ಸಚಿವರು. ಸಚಿವರಾದವರು ಪ್ರಶ್ನೋತ್ತರ ವೇಳೆಯಲ್ಲಿ ಉತ್ತರ ಕೊಡುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಅದು ಅವರೊಬ್ಬರ ವಿಷಯ ಅಲ್ಲ, ಯಾವ ಸಚಿವರಿಗಾದರೂ ಅಷ್ಟೇ. ಹಾಗಾಗಿ ಪ್ರಶ್ನೆ ಅಂತ ಹಾಕಬೇಕಾದರೆ ಮಂಡ್ಯದವರು ಬೇರೆ ಸಂಸದರನ್ನೇ ಹುಡುಕಬೇಕು.

ಊರಿನಲ್ಲಿ ಇದನ್ನು ಹೇಳಿದಾಗ ತುಂಬಾ ಜನ ನಂಬಲಿಲ್ಲ. 'ಬೇರೆ ಜಿಲ್ಲೆಯೋರು ನಮ್ ವಿಷ್ಯ ಯಾಕೆ ಕೇಳ್ತಾರೆ?' ಅಂದರು. ಕೇಳಬಹುದು. ಸಂಸದರು ತಮ್ಮ ಕ್ಷೇತ್ರದ ವಿಷಯ ಮಾತ್ರ ಕೇಳಬೇಕು ಅಂತ ನಿಯಮ ಇಲ್ಲ. ರೈತ ಸಂಘದ ಪರಿಚಯದವರೊಬ್ಬರ ಮೂಲಕ ಉತ್ತರ ಕರ್ನಾಟಕದ ಒಬ್ಬ ಸಂಸದರ ಆಪ್ತ ಸಹಾಯಕರ ನಂಬರ್ ಸಿಕ್ಕಿತು. ಅವರದ್ದೂ ಕಬ್ಬಿನ ಜಿಲ್ಲೆಯೇ. 'ಬರೆದು ಕಳಿಸಿ, ಸಾಹೇಬರಿಗೆ ತೋರಿಸ್ತೀನಿ' ಅಂದರು ಆ ಸಹಾಯಕರು. ಆಮೇಲೆ ಒಂದು ಮಾತು ಸೇರಿಸಿದರು: 'ಪತ್ರ ಬೇಡ ಸರ್, ಪ್ರಶ್ನೆ ಬರೆದು ಕಳಿಸಿ.'

ಈ ಮಾತಿನ ಬೆಲೆ ನನಗೆ ಅರ್ಥ ಆಗಿದ್ದು ಆಮೇಲೆ.

ಪತ್ರ ಪ್ರಶ್ನೆಯಾದ ಬಗೆ

ಮಾವ ಬರೆದಿದ್ದು ರೂಲ್ಡ್ ನೋಟ್‌ಬುಕ್ಕಿನ ಎರಡು ಹಾಳೆ. ಮೊದಲ ಸಾಲಿನಲ್ಲೇ ಬೆಂಕಿ. 'ರೈತರ ರಕ್ತ ಹೀರುವ ಕಾರ್ಖಾನೆ ಮಾಲೀಕರಿಗೆ ಸರ್ಕಾರ ಯಾಕೆ ಬೆಂಬಲ ಕೊಡುತ್ತಿದೆ? ನಮ್ಮ ಬೆವರಿನ ದುಡ್ಡು ಯಾವಾಗ ಬರುತ್ತದೆ? ಕೃಷಿ ಮಂತ್ರಿಗಳಿಗೆ ಇದು ಕಾಣುವುದಿಲ್ಲವೇ?' ಓದಿದಾಗ ನನ್ನ ಹೊಟ್ಟೆಯೂ ಉರಿಯಿತು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಆ ಹಾಳೆ ಹಾಗೇ ದೆಹಲಿಗೆ ಹೋಗಿದ್ದರೆ ಲೋಕಸಭೆಯ ಕಚೇರಿಯಲ್ಲೇ ನಿಂತುಬಿಡುತ್ತಿತ್ತು.

ಯಾಕೆ ಅಂತ ಒಂದೊಂದೇ ಹೇಳುತ್ತೇನೆ, ಯಾಕೆಂದರೆ ಈ ಇಡೀ ಪ್ರಕರಣದಲ್ಲಿ ನಿಜವಾದ ಕೆಲಸ ನಡೆದಿದ್ದು ಇಲ್ಲಿ.

ಲೋಕಸಭೆಯ ನಿಯಮಗಳಲ್ಲಿ 41ನೆಯದು ಯಾವ ಪ್ರಶ್ನೆ ತಗೋಬಹುದು, ಯಾವುದು ಆಗಲ್ಲ ಅಂತ ಹೇಳುತ್ತದೆ. ಪ್ರಶ್ನೆಯಲ್ಲಿ ವಾದ ಇರಬಾರದು. ವ್ಯಂಗ್ಯ ಇರಬಾರದು. ಯಾರ ಮೇಲೂ ಆರೋಪ, ಬಿರುದು, ಬೈಗುಳ ಇರಬಾರದು. ಅಭಿಪ್ರಾಯ ಕೇಳಬಾರದು. ಸಾಮಾನ್ಯವಾಗಿ 150 ಪದ ದಾಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ಮೊದಲನೆಯದಾಗಿ ಕೇಂದ್ರ ಸರ್ಕಾರಕ್ಕೆ ಸೇರಿದ್ದಾಗಿರಬೇಕು. ಈ ಕಡೆಯ ನಿಯಮದಲ್ಲೇ ಹಳ್ಳಿಯವರ ಅರ್ಧ ಪ್ರಶ್ನೆಗಳು ಬಿದ್ದುಹೋಗುತ್ತವೆ. ನಿಮ್ಮೂರಿನ ಒಂದು ಕಾರ್ಖಾನೆ ದುಡ್ಡು ಕೊಟ್ಟಿಲ್ಲ ಅಂತ ಕೇಳಿದರೆ ಅದು ರಾಜ್ಯದ ವಿಷಯ ಅಂತ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಹಾಗಾದರೆ ಕೇಂದ್ರಕ್ಕೆ ಏನು ಸಂಬಂಧ? ಇದೆ, ದೊಡ್ಡ ಸಂಬಂಧವೇ ಇದೆ. ಕಬ್ಬಿಗೆ ಕನಿಷ್ಠ ಬೆಲೆ ಕಟ್ಟೋದು ಕೇಂದ್ರ. ನಾವು ಎಫ್‌ಆರ್‌ಪಿ ಅನ್ನುತ್ತೀವಲ್ಲ, ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅದು. 2025-26ರ ಹಂಗಾಮಿಗೆ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಪ್ಪಿದ್ದು ಶೇ 10.25 ಸಕ್ಕರೆ ಇಳುವರಿಗೆ (ಅಂದರೆ ಕಬ್ಬಿನಿಂದ ಸಿಗೋ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇಳುವರಿ ಶೇ 9.5ಕ್ಕಿಂತ ಕಡಿಮೆ ಇರೋ ಕಾರ್ಖಾನೆಯವರು ಕ್ವಿಂಟಲ್‌ಗೆ 329.05 ರೂಪಾಯಿ ಕೊಡಬೇಕು. ಇದರ ಹಿಂದೆ ಇರೋ ಕಾನೂನು 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಲೆಕ್ಕದಲ್ಲಿ ಬಡ್ಡಿ ಸೇರಿಸಿ ಕೊಡಬೇಕು ಅಂತ ಅದರಲ್ಲೇ ಬರೆದಿದೆ.

ಬಡ್ಡಿಯ ಮಾತು ಕೇಳಿ ಮಾವ ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. 'ಬಡ್ಡಿ ಕೊಡ್ಬೇಕಾ? ಕಾನೂನಲ್ಲೇ ಐತಾ?' ಅಂದರು. 40 ವರ್ಷದಿಂದ ಕಬ್ಬು ಬೆಳೆಯುವವರು. ಅವರಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ನಾನೂ ಅಲ್ಲಿವರೆಗೂ ಹೇಳಿರಲಿಲ್ಲ.

ಇನ್ನೊಂದು ತಿದ್ದುಪಡಿ. ಮಾವ ಬರೆದಿದ್ದು ಕೃಷಿ ಮಂತ್ರಿಗಳಿಗೆ. ಕಬ್ಬು ಬೆಳೆ, ಹಾಗಾಗಿ ಕೃಷಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಸಕ್ಕರೆ, ಕಬ್ಬಿನ ಬೆಲೆ, ಕಾರ್ಖಾನೆಗಳ ಬಾಕಿ ಎಲ್ಲ ನೋಡೋದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವಾಲಯ. ಇದು ಸಣ್ಣ ವಿಷಯ ಅಲ್ಲ. ಲೋಕಸಭೆಯಲ್ಲಿ ಸಚಿವಾಲಯಗಳನ್ನು ಐದು ಗುಂಪು ಮಾಡಿ, ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಕೊಟ್ಟಿರುತ್ತಾರೆ. ಸಚಿವಾಲಯ ತಪ್ಪಿದರೆ ದಿನ ತಪ್ಪುತ್ತದೆ. ನಮಗೆ ಬೇಕಾದ ಸಚಿವಾಲಯದ ದಿನ ಬುಧವಾರ.

ಎರಡು ರಾತ್ರಿ ಕೂತು ನಾಲ್ಕು ಭಾಗ ಮಾಡಿದೆವು. ಎ: ಪ್ರಸಕ್ತ ಹಂಗಾಮಿನಲ್ಲಿ ಕಾರ್ಖಾನೆಗಳು ಕಬ್ಬು ಬೆಳೆಗಾರರಿಗೆ ಕೊಡಬೇಕಾದ ಬಾಕಿ ಎಷ್ಟು, ರಾಜ್ಯವಾರು, ಕರ್ನಾಟಕವೂ ಸೇರಿ. ಬಿ: 14 ದಿನ ಮೀರಿದ ಬಾಕಿಗೆ ಶೇ 15 ಬಡ್ಡಿ ಕೊಡಲಾಗಿದೆಯೇ, ಹಾಗಿದ್ದರೆ ಕಳೆದ ಮೂರು ವರ್ಷದ ರಾಜ್ಯವಾರು ವಿವರ, ಇಲ್ಲದಿದ್ದರೆ ಕಾರಣಗಳೇನು. ಸಿ: ಬಾಕಿ ಮತ್ತು ಬಡ್ಡಿ ವಸೂಲಿ ಮಾಡುವ ಅಧಿಕಾರ ಯಾರಿಗಿದೆ. ಡಿ: ಬಡ್ಡಿ ಕೊಡಿಸಲು ಸರ್ಕಾರ ಏನು ಕ್ರಮ ಕೈಗೊಂಡಿದೆ.

ಬಿ ಭಾಗದ ಆ ಕಡೆಯ ತುಂಡು ನೋಡಿ, 'ಇಲ್ಲದಿದ್ದರೆ ಕಾರಣಗಳೇನು'. ಸಂಸತ್ತಿನ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಓದೋರಿಗೆ ಬೇಸರ ಆಗುವಷ್ಟು. ಆದರೆ ಅದಿಲ್ಲದಿದ್ದರೆ ಉತ್ತರದಲ್ಲಿ 'ಇಲ್ಲ' ಅಂತ ಒಂದೇ ಪದ ಬಂದು ಕತೆ ಮುಗಿಯುತ್ತದೆ. ಮಾವನ 'ಯಾಕೆ ಬೆಂಬಲ ಕೊಡುತ್ತಿದೆ' ಅನ್ನೋ ಕೋಪ ಎಲ್ಲಿಗೆ ಹೋಯಿತು ಅಂದರೆ, ಈ ಎರಡು ಪದದೊಳಗೆ ಹೋಗಿ ಕೂತಿತು. ಇದನ್ನು ಅವರಿಗೆ ಹೇಳಿದಾಗ, 'ಬೆಂಕಿ ಆರಿಸಿಬುಟ್ಟೆ ಕಣ್ಲಾ' ಅಂದರು. ಬೇಜಾರಾಗಿತ್ತು ಅವರಿಗೆ. ನನಗೂ ಆಗಿತ್ತು. ಆದರೂ ಹಾಗೇ ಕಳಿಸಿದೆವು.

ನಮ್ಮದು ಕನ್ನಡದಲ್ಲಿತ್ತು, ಸಂಸದರ ಕಚೇರಿಯವರು ಇಂಗ್ಲಿಷ್ ಮಾಡಿಕೊಂಡರು. ಊರಿನ ಹಿರಿಯರೊಬ್ಬರು 'ಕನ್ನಡದಲ್ಲೇ ಕೇಳ್ಬಾರ್ದಾ?' ಅಂತ ಕೇಳಿದ್ದರು. ಸದನದಲ್ಲಿ ಮಾತಾಡೋದಕ್ಕೆ ಅಡ್ಡಿಯಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಸಂವಿಧಾನದ 120ನೇ ವಿಧಿ ಸಭಾಧ್ಯಕ್ಷರ ಅನುಮತಿ ಇದ್ದರೆ ತಾಯ್ನುಡಿಯಲ್ಲಿ ಮಾತಾಡಬಹುದು ಅನ್ನುತ್ತದೆ. ಈಗ ಅಲ್ಲೇ ಅನುವಾದ ಮಾಡಿ ಕಿವಿಗೆ ಕೇಳಿಸೋ ವ್ಯವಸ್ಥೆಯೂ ಇದೆ. ಈ ಕಥೆ ಕೇಳಿ ಆ ಹಿರಿಯರ ಮುಖ ಅರಳಿತು.

ಚುಕ್ಕೆ ಇರೋದು, ಇಲ್ಲದ್ದು

ಪ್ರಶ್ನೆಯ ನೋಟಿಸನ್ನು ಉತ್ತರದ ದಿನಕ್ಕಿಂತ ಕನಿಷ್ಠ 15 ಪೂರ್ಣ ದಿನ ಮುಂಚೆ ಕೊಡಬೇಕು. ಒಬ್ಬ ಸದಸ್ಯರು ಒಂದು ದಿನಕ್ಕೆ ಐದಕ್ಕಿಂತ ಜಾಸ್ತಿ ನೋಟಿಸ್ ಕೊಡುವಂತಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪ ಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ ಬರುತ್ತದೆ, ಅಷ್ಟೇ. ದಿನಕ್ಕೆ ಚುಕ್ಕೆ ಗುರುತಿನವು 20, ಇಲ್ಲದವು 230. ಯಾರದ್ದು ಮೇಲೆ, ಯಾರದ್ದು ಕೆಳಗೆ ಅನ್ನೋದು ಚೀಟಿ ಎತ್ತಿದ ಹಾಗೆ, ಬ್ಯಾಲೆಟ್‌ನಲ್ಲಿ ತೀರ್ಮಾನ ಆಗುತ್ತದೆ.

ನಮ್ಮದಕ್ಕೆ ಚುಕ್ಕೆ ಸಿಕ್ಕಿತು. ಆ ಬುಧವಾರದ ಪಟ್ಟಿಯಲ್ಲಿ 13ನೆಯದು.

ಮಾವನಿಗೆ ಫೋನ್ ಮಾಡಿ ಹೇಳಿದೆ. ಊರಿಗೆಲ್ಲ ಹೇಳಿಬಿಟ್ಟರು. 13 ಅಂದರೆ ಏನು ಅಂತ ನಾನು ಆಗಲೇ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಅವರ ಖುಷಿ ಕಂಡು ಬಾಯಿ ಬರಲಿಲ್ಲ. ಅದು ನನ್ನ ತಪ್ಪು.

ಆ ಬೆಳಗ್ಗೆ

ರಜೆ ಹಾಕಿ ಬೆಳಗಿನ ರೈಲು ಹಿಡಿದು ಮದ್ದೂರಿಗೆ ಹೋದೆ. ಹಾಲಿನ ಡೈರಿಯಲ್ಲಿ ಟೀವಿ ಇತ್ತು. ಬೆಳಗಿನ ಹಾಲು ಅಳೆದು ಕ್ಯಾನು ತೊಳೆದಿಟ್ಟಿದ್ದರು, ನೆಲ ಇನ್ನೂ ಒದ್ದೆ. 25 ಜನ ಇದ್ದರೇನೋ, ಅದರಲ್ಲಿ ಐದಾರು ಹೆಂಗಸರು. ಸಂಸದ್ ಟೀವಿ ಹಾಕಿದೆವು. ಲೋಕಸಭೆಗೆ ಒಂದು ಚಾನೆಲ್, ರಾಜ್ಯಸಭೆಗೆ ಇನ್ನೊಂದು. ಮೊದಲು ಗೊತ್ತಾಗದೆ ರಾಜ್ಯಸಭೆಯದ್ದು ಹಾಕಿಕೊಂಡು ಕೂತಿದ್ದರು, ಅಲ್ಲಿ ಪ್ರಶ್ನೋತ್ತರ ಶುರುವಾಗೋದೇ ಮಧ್ಯಾಹ್ನ 12ಕ್ಕೆ. 2014ರಿಂದ ಹಾಗೆ.

ನಾನು ಹಿಂದಿನ ಸಂಜೆಯೇ ಎರಡು ಕಾಗದ ಪ್ರಿಂಟ್ ತೆಗೆಸಿದ್ದೆ. ಒಂದು ಆ ದಿನದ ಕಾರ್ಯಕಲಾಪ ಪಟ್ಟಿ, ಇನ್ನೊಂದು ಚುಕ್ಕೆ ಗುರುತಿನ 20 ಪ್ರಶ್ನೆಗಳ ಪಟ್ಟಿ. ಎರಡೂ ಲೋಕಸಭೆಯ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಕಾರ್ಯಕಲಾಪ ಪಟ್ಟಿ ಓದೋಕೆ ಸಪ್ಪೆ, ಆದರೆ ಇಡೀ ದಿನದ ನಕ್ಷೆ ಅದರಲ್ಲಿದೆ: 11ಕ್ಕೆ ಪ್ರಶ್ನೆಗಳು, 12ಕ್ಕೆ ಸದನದ ಮುಂದೆ ಇಡಬೇಕಾದ ಕಾಗದಪತ್ರ, ಸಮಿತಿಗಳ ವರದಿ, ಆಮೇಲೆ 377ನೇ ನಿಯಮದಡಿ ಸದಸ್ಯರು ಎತ್ತುವ ವಿಷಯಗಳು, ಆಮೇಲೆ ಮಸೂದೆ. ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯ ವೇಳೆಗೆ ಪಟ್ಟಿಯಲ್ಲಿ ಜಾಗ ಇರಲ್ಲ, ಆದರೆ ಕಾಗದಪತ್ರದ ಕೆಲಸ ಮುಗಿದ ಕೂಡಲೇ ಅದು ಬರುತ್ತದೆ.

11ಕ್ಕೆ ಸರಿಯಾಗಿ ಸ್ಪೀಕರ್ ಬಂದು ಕೂತರು. ಮೊದಲ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು ಕರೆದರು. ಸಚಿವರು ಎದ್ದು, ಹೇಳಿಕೆಯನ್ನು ಸದನದ ಮುಂದೆ ಇಟ್ಟಿದ್ದೇನೆ ಅಂದು ಕೂತರು. ಸದಸ್ಯರು ನೇರವಾಗಿ ಮೊದಲ ಉಪ ಪ್ರಶ್ನೆಗೆ ಹೋದರು. ಡೈರಿಯಲ್ಲಿ ಗುಜುಗುಜು ಶುರುವಾಯಿತು. 'ಪ್ರಶ್ನೆ ಏನು ಅಂತಲೇ ಓದ್ಲಿಲ್ವಲ್ಲ?' ಅಂತ ನಮ್ಮ ಅತ್ತೆ ಕೇಳಿದರು. ಬಹಳ ಒಳ್ಳೆ ಪ್ರಶ್ನೆ ಅದು. ಮೂಲ ಪ್ರಶ್ನೆಯನ್ನು ಸದನದಲ್ಲಿ ಓದುವುದಿಲ್ಲ, ಅಚ್ಚಾಗಿ ಎಲ್ಲ ಸದಸ್ಯರ ಕೈಲಿರುತ್ತದೆ. ಮೂಲ ಉತ್ತರವನ್ನೂ ಸಾಮಾನ್ಯವಾಗಿ ಓದುವುದಿಲ್ಲ. ಟೀವಿಯಲ್ಲಿ ನಮಗೆ ಕೇಳಿಸೋದು ಅದರ ಮುಂದಿನ ಮಾತುಕತೆ ಮಾತ್ರ. ಕೈಯಲ್ಲಿ ಕಾಗದ ಇಲ್ಲದೆ ನೋಡಿದರೆ ಯಾರೋ ಅರ್ಧಕ್ಕೆ ಶುರು ಮಾಡಿದ ಜಗಳದ ಹಾಗೆ ಇರುತ್ತೆ. ನಾನು ಪ್ರತಿ ಸಲ ಪಟ್ಟಿ ನೋಡಿ, ಇದು ಈ ವಿಷಯ ಅಂತ ಕನ್ನಡದಲ್ಲಿ ಹೇಳುತ್ತಾ ಹೋದೆ.

ಪ್ರಶ್ನೆ ಕೇಳಿದ ಸದಸ್ಯರಿಗೆ ಎರಡು ಉಪ ಪ್ರಶ್ನೆ. ಆಮೇಲೆ ಸ್ಪೀಕರ್ ಬೇರೆ ಪಕ್ಷದವರಿಗೂ ಅವಕಾಶ ಕೊಡುತ್ತಾರೆ. ಕಾಗದದ ಅಂಚಿನಲ್ಲಿ ನಾನು ಟೈಮ್ ಬರೆದುಕೊಳ್ಳುತ್ತಿದ್ದೆ. ಮೊದಲ ಪ್ರಶ್ನೆ ಮುಗಿದಿದ್ದು 11.15ಕ್ಕೆ. ಎರಡನೆಯದು 11.26ಕ್ಕೆ. ಮೂರು, 11.36. ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ಆ ಅಂಕಿಗಳನ್ನೇ ನೋಡುತ್ತಿದ್ದರು, ಟೀವಿ ನೋಡುತ್ತಿರಲಿಲ್ಲ. ನಾಲ್ಕು, 11.45. ಅಷ್ಟೊತ್ತಿಗೆ ಅವರಿಗೆ ಲೆಕ್ಕ ಗೊತ್ತಾಗಿತ್ತು. 'ನಮ್ದು ಬರಲ್ಲ ಅಲ್ವಾ?' ಅಂದರು, ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ.

ಆರನೇ ಪ್ರಶ್ನೆ ನಡೆಯುತ್ತಿರುವಾಗ 12 ಆಯಿತು. ಪ್ರಶ್ನೋತ್ತರ ಮುಗಿಯಿತು. ಅಲ್ಲಿಗೆ ನಿಂತುಬಿಡುತ್ತದೆ, ಮಧ್ಯಾಹ್ನ ಮುಂದುವರಿಯಲ್ಲ, ನಾಳೆಗೂ ಹೋಗಲ್ಲ.

ಯಾರೋ ಟೀವಿ ಆರಿಸಿದರು. ಜನ ಎದ್ದು ಹೊರಟರು. ಒಬ್ಬ ಹುಡುಗ 'ಶೂನ್ಯ ವೇಳೇಲಿ ಕೇಳಿಸ್ಬೋದಿತ್ತಲ್ವಾ ಅಣ್ಣ?' ಅಂದ. ಕೇಳಿಸಬಹುದಿತ್ತು. ಅದಕ್ಕೆ 15 ದಿನದ ನೋಟಿಸ್ ಬೇಡ, ಅದೇ ಬೆಳಗ್ಗೆ ಕೊಟ್ಟರೂ ನಡೆಯುತ್ತೆ, ಕೋಪದಲ್ಲೂ ಮಾತಾಡಬಹುದು. ಮಾವನ ಎರಡು ಹಾಳೆಗೆ ಅದೇ ಸರಿಯಾದ ಜಾಗ. ಆದರೆ ಶೂನ್ಯ ವೇಳೆಯಲ್ಲಿ ಹೇಳಿದ್ದಕ್ಕೆ ಸಚಿವರು ಅಲ್ಲೇ ಉತ್ತರ ಕೊಡಲೇಬೇಕು ಅಂತಿಲ್ಲ. ನಮಗೆ ಬೇಕಾಗಿದ್ದು ಬರಹದಲ್ಲಿ ಇರೋ ಉತ್ತರ.

ಉತ್ತರ ಸತ್ತಿರಲಿಲ್ಲ

ಊರಿನವರೆಲ್ಲ ಪ್ರಶ್ನೆ ಬಿದ್ದುಹೋಯಿತು ಅಂದುಕೊಂಡರು. ಹಾಗಲ್ಲ. ಸಮಯ ಸಾಲದೆ ಉಳಿದ ಚುಕ್ಕೆ ಗುರುತಿನ ಪ್ರಶ್ನೆಗಳ ಉತ್ತರವನ್ನೂ ಅದೇ ದಿನ ಬರಹದಲ್ಲಿ ಸದನದ ಮುಂದೆ ಇಡಲಾಗುತ್ತದೆ. ಗಲಾಟೆಯಾಗಿ ಪ್ರಶ್ನೋತ್ತರ ನಡೆಯದೇ ಹೋದ ದಿನವೂ ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗಲೂ ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಬರಹದ ಉತ್ತರ ಬರುತ್ತಲೇ ಇತ್ತು.

ಮಧ್ಯಾಹ್ನ ಊಟ ಮಾಡಿ ಜಗಲಿ ಮೇಲೆ ಕೂತು ಫೋನಿನಲ್ಲಿ ನೋಡಿದರೆ ಪಿಡಿಎಫ್ ಬಂದಿತ್ತು. ಮೊದಲ ಪುಟದಲ್ಲಿ ನಮ್ಮ ನಾಲ್ಕು ಭಾಗ, ಅದರ ಕೆಳಗೆ 'ಎ ಇಂದ ಡಿ: ಹೇಳಿಕೆಯನ್ನು ಸದನದ ಮುಂದೆ ಇಡಲಾಗಿದೆ' ಅಂತ ಒಂದು ಸಾಲು. ಎರಡನೇ ಪುಟದಿಂದ ಹೇಳಿಕೆ, ಕೊನೆಗೆ ರಾಜ್ಯವಾರು ಬಾಕಿಯ ಅನುಬಂಧ. ಮಾವನಿಗೆ ಸಾಲು ಸಾಲಾಗಿ ಕನ್ನಡ ಮಾಡಿ ಓದಿದೆ.

ಎ ಭಾಗಕ್ಕೆ ಅಂಕಿ ಬಂದಿತ್ತು, ಆದರೆ ಅದು ಒಂದು ತಿಂಗಳ ಹಿಂದಿನ ದಿನಾಂಕದವರೆಗಿನ ಲೆಕ್ಕ. ನಾವು 'ಪ್ರಸಕ್ತ ಹಂಗಾಮು' ಅಂತ ಮಾತ್ರ ಬರೆದಿದ್ದೆವು, ಯಾವ ದಿನಾಂಕಕ್ಕೆ ಅಂತ ಬರೆದಿರಲಿಲ್ಲ. ಅವರು ತಮಗೆ ಅನುಕೂಲವಾದ ದಿನಾಂಕ ತಗೊಂಡಿದ್ದರು. ಇದು ನಮ್ಮ ಪ್ರಶ್ನೆಯ ದೊಡ್ಡ ಕೊರತೆ. ದಿನಾಂಕ ಹಾಕದೆ ಯಾರೂ ಬಾಕಿ ಕೇಳಬಾರದು.

ಸಿ ಭಾಗದ ಉತ್ತರ ಎರಡೇ ಸಾಲು. 1966ರ ಆದೇಶದ ಈ ಅಂಶಗಳನ್ನು ಜಾರಿ ಮಾಡುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಇದೆ. ಮಾವ ತಲೆ ಮೇಲೆ ಕೈ ಹೊತ್ತರು. 'ನೋಡ್ದಾ, ಅವ್ರು ಇವ್ರ ಮೇಲೆ, ಇವ್ರು ಅವ್ರ ಮೇಲೆ.' ಮೊದಲ ನೋಟಕ್ಕೆ ಜಾರಿಕೊಳ್ಳೋ ಉತ್ತರದ ಹಾಗೇ ಕಾಣುತ್ತದೆ, ಅಲ್ವಾ? ಆದರೆ ನನಗೆ ಬೇಕಾಗಿದ್ದೇ ಅದು. ಇಲ್ಲಿಯವರೆಗೆ ಸ್ಥಳೀಯ ಕಚೇರಿಗಳಲ್ಲಿ ಕೇಳಿದಾಗಲೆಲ್ಲ 'ಇದು ಸೆಂಟ್ರಲ್ ಕಾನೂನು, ನಮ್ಮ ಕೈಲಿಲ್ಲ' ಅನ್ನೋ ಮಾತು ಬರುತ್ತಿತ್ತು. ಈಗ ಕೇಂದ್ರ ಸಚಿವರೇ ಸದನದ ಮುಂದಿಟ್ಟ ಕಾಗದದಲ್ಲಿ, ಅದು ಯಾರ ಕೈಲಿದೆ ಅಂತ ಬರೆದುಕೊಟ್ಟಿದ್ದಾರೆ. ಸಚಿವರು ಸದನಕ್ಕೆ ಕೊಟ್ಟ ಉತ್ತರ ತಪ್ಪಾದರೆ ಅವರೇ ಬಂದು ತಿದ್ದಬೇಕು, ಹಾಗಾಗಿ ಆ ಎರಡು ಸಾಲಿನ ತೂಕ ಕೌಂಟರಿನ ಬಾಯಿಮಾತಿಗಿಂತ ಎಷ್ಟೋ ಜಾಸ್ತಿ.

ಬಿ ಭಾಗ, ಬಡ್ಡಿಯದ್ದು: 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು.' ಡಿ ಭಾಗಕ್ಕೆ ಸಕ್ಕರೆ, ಎಥೆನಾಲ್ ಬಗ್ಗೆ ಒಂದು ಉದ್ದ ಪ್ಯಾರಾ, ಬಡ್ಡಿಯ ಸುದ್ದಿಯೇ ಇಲ್ಲ.

ನಿಜವಾದ ನಷ್ಟ ಆಗಿದ್ದು ಇಲ್ಲಿ. ಪ್ರಶ್ನೆ ಸದನದಲ್ಲಿ ಬಂದಿದ್ದರೆ ಸಂಸದರ ಕೈಲಿ ಎರಡು ಉಪ ಪ್ರಶ್ನೆ ಇದ್ದವು. ಒಂದನ್ನು ನಾವೇ ಬರೆದುಕೊಟ್ಟಿದ್ದೆವು: ಒಬ್ಬ ರೈತರಿಗಾದರೂ ಶೇ 15 ಬಡ್ಡಿ ಸಿಕ್ಕಿದ್ದಕ್ಕೆ ದಾಖಲೆ ಇದೆಯೇ? ಎದುರಿಗೆ ನಿಂತು ಇದನ್ನು ಕೇಳಿದ್ದರೆ ಸಚಿವರು ಎಥೆನಾಲ್ ಕಡೆ ಹೋಗೋದು ಕಷ್ಟ ಆಗುತ್ತಿತ್ತು. ಪ್ರಶ್ನೋತ್ತರದ ಶಕ್ತಿ ಇರೋದೇ ಈ ಎದುರುಬದುರಿನಲ್ಲಿ. 1957ರಲ್ಲಿ ಎಲ್‌ಐಸಿಯ ದುಡ್ಡು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳಿಗೆ ಹೋದ ವಿಷಯ ಲೋಕಸಭೆಯಲ್ಲಿ ಮೊದಲು ಬಂದಿದ್ದು ಪ್ರಶ್ನೆಯ ರೂಪದಲ್ಲೇ. ಅದನ್ನು ಬಿಡದೆ ಹಿಡಿದ ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆಗೆ ಅಷ್ಟು ಬೆಲೆ ಇರೋದರಿಂದಲೇ, 2005ರ ಡಿಸೆಂಬರ್‌ನಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳಲು ಒಪ್ಪಿದ 11 ಸಂಸದರನ್ನು ಎರಡೂ ಸದನ ಸೇರಿ ಹೊರಗೆ ಹಾಕಿದ್ದು. ಒಂದು ಗಂಟೆಯಲ್ಲಿ 20ಕ್ಕೆ ಐದೋ ಆರೋ ಮಾತ್ರ ಮುಗಿಯುತ್ತೆ ಅಂದರೆ ಅದು ನನಗೆ ಸಂಕಟದ ವಿಷಯ. ಸಚಿವರ ಉತ್ತರ ಚುಟುಕಾಗಿದ್ದರೆ, ಸದಸ್ಯರು ಉಪ ಪ್ರಶ್ನೆಗೆ ಮುಂಚೆ ಮೂರು ನಿಮಿಷ ಪೀಠಿಕೆ ಹಾಕದಿದ್ದರೆ, ಹತ್ತಾದರೂ ಮುಗಿಯುತ್ತವೆ. ಆ ಬುಧವಾರ ನಾನು ಕಾಗದದ ಮೇಲೆ ಟೈಮ್ ಬರೆದುಕೊಂಡೇ ಹೇಳುತ್ತಿದ್ದೇನೆ.

ಆಮೇಲೆ

ಆ ಪಿಡಿಎಫ್‌ನ 40 ಪ್ರತಿ ಮದ್ದೂರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆವು. ಸಿ ಭಾಗದ ಎರಡು ಸಾಲಿಗೆ ಹಳದಿ ಬಣ್ಣ ಬಳಿದೆವು. ಪ್ರತಿಯೊಂದು ಮನೆಯವರೂ ತಮ್ಮ ಕಬ್ಬಿನ ರಸೀದಿ, ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆಗೆ ಇದನ್ನೂ ಸೇರಿಸಿ ಒಂದೊಂದು ಅರ್ಜಿ ಮಾಡಿದರು. ಒಂದು ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೆ, ಇನ್ನೊಂದು ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಸಕ್ಕರೆ ನಿರ್ದೇಶಕರ ಕಚೇರಿಗೆ. ಅದೇ 1966ರ ಆದೇಶದ ಪ್ರಕಾರ ಬಾಕಿಯನ್ನೂ ಬಡ್ಡಿಯನ್ನೂ ಭೂಕಂದಾಯದ ಬಾಕಿ ಥರ ವಸೂಲಿ ಮಾಡಬಹುದು ಅನ್ನೋದನ್ನೂ ಅರ್ಜಿಯಲ್ಲಿ ಬರೆದೆವು. ಕೌಂಟರಿನಲ್ಲಿ ಇದ್ದವರು ಹಳದಿ ಸಾಲು ಓದಿ, ಇನ್ನೊಂದು ಸಲ ಓದಿ, ಮಾತಾಡದೆ ಸೀಲು ಹಾಕಿ ಸ್ವೀಕೃತಿ ಕೊಟ್ಟರು.

ಜನವರಿ ಮೊದಲ ವಾರ ಮಾವನ ಖಾತೆಗೆ 1,20,000 ಬಂತು. ಪ್ರಶ್ನೆಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಅಷ್ಟೊತ್ತಿಗೆ ಅರ್ಜಿ ಇತ್ತು, ರೈತ ಸಂಘದವರು ಕಾರ್ಖಾನೆ ಮುಂದೆ ಕೂತಿದ್ದರು, ಎಲ್ಲವೂ ಸೇರಿಕೊಂಡಿತ್ತು. ಆದರೆ ಬಂದಿದ್ದು ಬರಿ ಅಸಲು. ಗಡುವು ಮೀರಿ 75 ದಿನ ಆಗಿತ್ತು. 1,20,000ಕ್ಕೆ ಶೇ 15ರ ಲೆಕ್ಕದಲ್ಲಿ 75 ದಿನಕ್ಕೆ 3,699 ರೂಪಾಯಿ ಆಗುತ್ತದೆ. ಮಾವ ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು, ಕೆಳಗೆ ಎರಡು ಗೆರೆ ಎಳೆದಿಟ್ಟಿದ್ದಾರೆ. 'ಈ ದುಡ್ಡು ದೊಡ್ಡದಲ್ಲ ಮಗ. ಆದ್ರೆ ನಾನು ಸೊಸೈಟಿ ಸಾಲ ಒಂದು ದಿನ ತಡ ಮಾಡಿದ್ರೆ ಅವ್ರು ಬಿಡ್ತಾರಾ?' ಅಂದರು.

ಬಿ ಭಾಗದ ಆ ವಾಕ್ಯ ಇನ್ನೂ ಜೀವಂತ ಇದೆ. 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಅಂತ ಸಚಿವರು ಹೇಳಿದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ಅಂತ ನೋಡೋದಕ್ಕೇ ಲೋಕಸಭೆಯಲ್ಲಿ ಸರ್ಕಾರದ ಭರವಸೆಗಳ ಸಮಿತಿ ಅಂತ ಒಂದಿದೆ, 1953ರಿಂದ ಕೆಲಸ ಮಾಡುತ್ತಿದೆ. ಮಾರ್ಚ್‌ಗೆ ಮೂರು ತಿಂಗಳು ತುಂಬುತ್ತದೆ. ಆಗ ಬಜೆಟ್ ಅಧಿವೇಶನವೂ ನಡೆಯುತ್ತಿರುತ್ತದೆ.

ಈ ಸಲ ಮಾವ ನನ್ನನ್ನು ಕೇಳದೆಯೇ ಪ್ರಶ್ನೆ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರೆ. ಮೂರೇ ಭಾಗ. ಬೈಗುಳ ಇಲ್ಲ. ಮೊದಲ ಸಾಲಿನಲ್ಲೇ 'ಫೆಬ್ರವರಿ 28ಕ್ಕೆ ಇದ್ದಂತೆ' ಅಂತ ದಿನಾಂಕ ಹಾಕಿದ್ದಾರೆ, ಕೊನೆಗೆ 'ಇಲ್ಲದಿದ್ದರೆ ಕಾರಣಗಳೇನು' ಅಂತ ಬರೆದು ಅಡಿಗೆರೆ ಹಾಕಿದ್ದಾರೆ. ಎಣಿಸಿ ನೋಡಿದೆ, 62 ಪದ ಇತ್ತು. ನಾಳೆ ಸಂಸದರ ಕಚೇರಿಗೆ ಕಳಿಸುತ್ತಿದ್ದೇನೆ.